ಎಡಗಡೆ ಕಡಲು

ಕೇಳುಗರಿಗೆಲ್ಲ ನಮಸ್ಕಾರ.

ತಮಿಳುನಾಡಿನ ಮಾಮಲ್ಲಪುರ, ಅಂದರೆ ಮಹಾಬಲಿಪುರದಿಂದ ಪುದುಚೇರಿಗೆ ಸುಮಾರು 95 ಕಿಲೋಮೀಟರ್. ಎಲ್ಲೂ ನಿಲ್ಲದೆ ಹೋದರೆ ಎರಡು ಗಂಟೆ, ಹೆಚ್ಚೆಂದರೆ ಎರಡೂವರೆ. ಮೊದಲ ಸಲ ನಾನು ಹಾಗೇ ಹೋಗಿದ್ದೆ. ಪುದುಚೇರಿ ಮುಟ್ಟಿದ ಮೇಲೆ ಮನೆಯಿಂದ ಫೋನ್ ಬಂತು. "ಸಮುದ್ರ ಹೇಗಿತ್ತು?" ಅಂತ ಕೇಳಿದರು. ಆಗ ಗೊತ್ತಾಯಿತು, ದಾರಿಯಲ್ಲಿ ನಾನು ಸಮುದ್ರವನ್ನು ಸರಿಯಾಗಿ ಕಂಡೇ ಇರಲಿಲ್ಲ.

ಆ ರಸ್ತೆಯ ಹೆಸರು ಈಸ್ಟ್ ಕೋಸ್ಟ್ ರೋಡ್. ಎಲ್ಲರೂ ಇಸಿಆರ್ ಅಂತಾರೆ. ಹೆಸರಿನಲ್ಲಿ ಕರಾವಳಿ ಇದೆ, ಆದರೆ ನೀರು ಕಾಣುವುದು ಅಲ್ಲಲ್ಲಿ ಮಾತ್ರ. ನಡುವೆ ತೆಂಗಿನ ತೋಟ, ಸರ್ವೆ ತೋಪು, ಊರುಗಳು, ಉದ್ದುದ್ದ ಕಾಂಪೌಂಡ್ ಗೋಡೆಗಳು. ಕಡಲು ಬೇಕು ಅಂದರೆ ಹೆದ್ದಾರಿ ಬಿಟ್ಟು ತಿರುಗಬೇಕು. ಹಾಗಾಗಿ ಈ ಪ್ರಯಾಣಕ್ಕೆ ಸಿದ್ಧತೆ ಅಂದರೆ ಮುಖ್ಯವಾಗಿ ಒಂದೇ: ಎಲ್ಲೆಲ್ಲಿ ತಿರುಗುವುದು ಅಂತ ಮೊದಲೇ ಗುರುತು ಮಾಡಿಕೊಳ್ಳುವುದು.

ಉತ್ತರದಿಂದ ದಕ್ಷಿಣಕ್ಕೆ ಹೋಗಿ. ಆಗ ಕಡಲು ಎಡಗಡೆ ಇರುತ್ತದೆ. ನಾವು ಗಾಡಿ ಓಡಿಸುವುದೂ ರಸ್ತೆಯ ಎಡಗಡೆ. ಎದುರು ಬರುವ ಬಸ್ಸು ಲಾರಿಗಳನ್ನು ದಾಟುವ ತಾಪತ್ರಯ ಇಲ್ಲದೆ ಸುಮ್ನೆ ಎಡಕ್ಕೆ ಹೊರಳಿದರೆ ಆಯಿತು. ಇನ್ನೊಂದು ಕಾರಣ ಬೆಳಕು. ಪೂರ್ವದ ಕಡಲಲ್ಲಿ ಸೂರ್ಯ ನೀರಿನಿಂದ ಮೇಲೆ ಬರುತ್ತಾನೆ. ಅದನ್ನು ನೋಡಲು ಮಾಮಲ್ಲಪುರಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿ ಇಲ್ಲ. ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿ ಉಳಿಯಿರಿ.

ಕಡಲ ತೀರದ ದೇವಸ್ಥಾನಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೆ ಹೋಗಿ. ದೊಡ್ಡ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಎಳೆ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಸುತ್ತಿನ ಗೋಡೆಯ ಮೇಲೆ ಸಾಲಾಗಿ ನಂದಿಗಳು ಕೂತಿವೆ. ಹತ್ತಿರ ಹೋಗಿ ನೋಡಿ. ಉಪ್ಪು ಗಾಳಿ ಅವುಗಳ ಮುಖವನ್ನು ಎಷ್ಟು ಸವೆಸಿದೆ ಅಂದರೆ ಕೆಲವಕ್ಕೆ ಕಣ್ಣು ಮೂಗು ಒಂದೂ ಉಳಿದಿಲ್ಲ. ಬೆನ್ನಿನ ದುಂಡು ನೋಡಿಯೇ ನಂದಿ ಅಂತ ತಿಳಿಯಬೇಕು. ಸಾವಿರದ ಮುನ್ನೂರು ವರ್ಷದ ಗಾಳಿ ಅದು.

ಈ ಊರಿನ ಹೆಸರಿನಲ್ಲೇ ನಮ್ಮ ಚರಿತ್ರೆಯ ಒಂದು ನೋವಿದೆ. ಮಾಮಲ್ಲ ಅಂದರೆ ಪಲ್ಲವರ ಮೊದಲನೇ ನರಸಿಂಹವರ್ಮ. 642ರಲ್ಲಿ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದವನು. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನ ಈಗಲೂ ಇದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಈ ತೀರದ ಗುಡಿ ಕಟ್ಟಿಸಿದ ಪಲ್ಲವ ದೊರೆ ರಾಜಸಿಂಹನೇ ಕಂಚಿಯಲ್ಲಿ ಕೈಲಾಸನಾಥ ದೇವಾಲಯ ಕಟ್ಟಿಸಿದ. ಮುಂದೆ ನಮ್ಮ ಚಾಲುಕ್ಯ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆದರೆ ಆ ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ. ಅದನ್ನು ಅಲ್ಲಿಯೇ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಇಷ್ಟನ್ನು ನೆನಪಿಟ್ಟುಕೊಂಡು ಆ ನಂದಿಗಳ ಮುಂದೆ ನಿಂತರೆ ಊರು ಬೇರೆಯದು ಅನ್ನಿಸುವುದೇ ಇಲ್ಲ.

ಒಂಬತ್ತು ಗಂಟೆಗೆ ಹೊರಡಿ. ಮೊದಲ ಎಡ ತಿರುವು ಕಲ್ಪಾಕ್ಕಂ ಹತ್ತಿರ, ಸದುರಂಗಪಟ್ಟಣಂ. ಡಚ್ಚರ ಬಾಯಲ್ಲಿ ಅದು ಸದ್ರಾಸ್ ಆಯಿತು. ಇಲ್ಲಿಂದ ಅವರು ನಯವಾದ ಮಸ್ಲಿನ್ ಬಟ್ಟೆಯನ್ನು ಹಡಗಿಗೆ ತುಂಬುತ್ತಿದ್ದರು. ಇಟ್ಟಿಗೆಯ ಕೋಟೆ ಅರ್ಧ ಬಿದ್ದಿದೆ. ಒಳಗೆ ಡಚ್ಚರ ಸಮಾಧಿಗಳಿವೆ, ಕಲ್ಲಿನ ಮೇಲೆ ಅಂದದ ಕೆತ್ತನೆ ಇದೆ. 1782ರ ಫೆಬ್ರವರಿಯಲ್ಲಿ ಇದೇ ಕಡಲಲ್ಲಿ ಇಂಗ್ಲಿಷರ ಮತ್ತು ಫ್ರೆಂಚರ ಹಡಗುಗಳು ಕಾದಾಡಿದವು. ಆ ಯುದ್ಧದಲ್ಲಿ ಫ್ರೆಂಚರು ಮೈಸೂರಿನ ಹೈದರಾಲಿಯ ಕಡೆ. ಅರ್ಧ ಗಂಟೆ ಸಾಕು, ಮುಂದೆ ಹೋಗೋಣ.

ಎರಡನೇ ತಿರುವು ಕಡಪಾಕ್ಕಂನಲ್ಲಿ, ಆಲಂಪರೈ ಕೋಟೆಗೆ. 1750ರಲ್ಲಿ ಇದು ಫ್ರೆಂಚರ ಕೈಸೇರಿತು, 1760ರಲ್ಲಿ ಇಂಗ್ಲಿಷರು ಕೆಡವಿದರು. ಉಳಿದಿರುವುದು ಮುರಿದ ಗೋಡೆಗಳು. ಅವುಗಳ ಕೆಳಗೇ ಹಿನ್ನೀರು, ಅದರಾಚೆ ಮರಳಿನ ಪಟ್ಟಿ, ಅದರಾಚೆ ಕಡಲು. ಒಂದೇ ನೋಟಕ್ಕೆ ಮೂರೂ ಸಿಗುತ್ತವೆ. ಇಡೀ ದಾರಿಯಲ್ಲಿ ಒಂದೇ ಕಡೆ ನಿಲ್ಲಲು ಸಮಯ ಇದ್ದರೆ ಇಲ್ಲೇ ನಿಲ್ಲಿ ಅಂತೀನಿ. ನೆರಳು ಕಡಿಮೆ, ಟೋಪಿ ಮತ್ತು ನೀರಿನ ಬಾಟಲಿ ಬೇಕೇ ಬೇಕು. ನೀರು ಶಾಂತವಾಗಿ ಕಂಡರೂ ಕಡಲಿಗೆ ಇಳಿಯಬೇಡಿ. ಈ ದಂಡೆಯಲ್ಲಿ ಸೆಳೆತ ಜಾಸ್ತಿ.

ಆಮೇಲೆ ಮರಕ್ಕಾಣಂ. ಇಲ್ಲಿ ತಿರುಗುವುದೇ ಬೇಡ, ಉಪ್ಪಿನ ಆಗರಗಳು ರಸ್ತೆಯ ಬದಿಗೇ ಬರುತ್ತವೆ. ಚೌಕ ಚೌಕ ಮಡಿಗಳು, ನಡುವೆ ಕಿರಿದಾದ ಬದುಗಳು. ಮಡಿಗೆ ನೀರು ಬಿಟ್ಟು ಬಿಸಿಲಿಗೆ ಒಣಗಲು ಬಿಡುತ್ತಾರೆ. ನೀರು ಇಳಿದ ಹಾಗೆ ಅಂಚಿನಲ್ಲಿ ಹರಳು ಕಟ್ಟುತ್ತದೆ. ಉದ್ದ ಹಿಡಿಯ ಹಲಗೆಯಿಂದ ಅದನ್ನು ಎಳೆದೆಳೆದು ಬದುವಿನ ಪಕ್ಕ ಗುಡ್ಡೆ ಹಾಕುತ್ತಾರೆ. ಕಾರು ನಿಲ್ಲಿಸಿ ಇಂಜಿನ್ ಆರಿಸಿ. ಹಲಗೆ ಹರಳಿನ ಮೇಲೆ ಜಾರುವ ಸದ್ದು ಕೇಳುತ್ತದೆ, ಒರಟು ನೆಲದ ಮೇಲೆ ಪೊರಕೆ ಆಡಿಸಿದ ಹಾಗೆ. ಸುಡುವ ಬಿಸಿಲಿನಲ್ಲಿ ಬರಿಗಾಲಲ್ಲಿ ದುಡಿಯುವವರು ಅವರು. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಕೇಳದೆ ಬದುವಿನ ಮೇಲೆ ಕಾಲಿಡಬೇಡಿ, ಕುಸಿದರೆ ಅವರ ದಿನದ ಕೆಲಸ ಹಾಳು.

ಆಗರದಲ್ಲಿ ಕೆಲಸ ನೋಡಬೇಕು ಅಂದರೆ ಕಾಲ ನೋಡಿ ಹೊರಡಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿ ಹಿಂಗಾರು ಮಳೆ, ಚಂಡಮಾರುತದ ಭಯವೂ ಉಂಟು. ಮಡಿಗಳೆಲ್ಲ ಮಳೆ ನೀರಿನಲ್ಲಿ ಮುಳುಗಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕೋಟೆಯ ಮೇಲೆ ನಿಲ್ಲಲು ಆಗದು. ನನ್ನ ಆಯ್ಕೆ ಫೆಬ್ರವರಿ. ಮಳೆ ನಿಂತಿರುತ್ತದೆ, ಉಪ್ಪಿನ ಕೆಲಸ ಶುರುವಾಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಶನಿವಾರ, ಭಾನುವಾರ ಚೆನ್ನೈನ ವಾಹನಗಳೆಲ್ಲ ಈ ರಸ್ತೆಗೇ ಬರುತ್ತವೆ, ವಾರದ ದಿನವೇ ಒಳ್ಳೆಯದು. ರಸ್ತೆ ಅಗಲ ಮಾಡುವ ಕೆಲಸವೂ ಇದೆ, ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಪುದುಚೇರಿಗೆ ಐದು ಗಂಟೆಯ ಹೊತ್ತಿಗೆ ತಲುಪಿ. ಈ ಊರು ಫ್ರೆಂಚರ ಕೈಯಿಂದ ಭಾರತದ ಆಡಳಿತಕ್ಕೆ ಬಂದದ್ದು 1954ರ ನವೆಂಬರ್ 1ರಂದು. ಸರಿಯಾಗಿ ಎರಡು ವರ್ಷಕ್ಕೆ, ಅದೇ ದಿನ, ನಮ್ಮ ರಾಜ್ಯವೂ ಒಂದಾಯಿತು. ಹಳೆಯ ಊರಿನ ಬೀದಿಗಳು ಗೆರೆ ಎಳೆದ ಹಾಗೆ ನೇರ. ಪೂರ್ವಕ್ಕೆ ಹೋಗುವ ಯಾವ ಬೀದಿ ಹಿಡಿದರೂ ಕೊನೆಯಲ್ಲಿ ಕಡಲೇ. ದಂಡೆಯ ರಸ್ತೆಗೆ ಸಂಜೆ ವಾಹನ ಬಿಡುವುದಿಲ್ಲ. ಕಾರನ್ನು ಒಳಬೀದಿಯಲ್ಲಿ ಬಿಟ್ಟು ನಡೆದು ಹೋಗಿ.

ಅಲ್ಲಿಯೂ ದಕ್ಷಿಣಕ್ಕೆ ಮುಖ ಮಾಡಿ ನಡೆಯಿರಿ. ಬಿಸಿಲು ಊರಿನ ಹಿಂದೆ ಇಳಿದಿರುತ್ತದೆ, ಕಲ್ಲುಗಳ ಮೇಲಿಂದ ತಂಪು ಗಾಳಿ ಬರುತ್ತದೆ. ಬೆಳಗಿನಿಂದ ತೋಪುಗಳ ಹಿಂದೆ, ಗೋಡೆಗಳ ಹಿಂದೆ ಇದ್ದ ಕಡಲು ಈಗಲೂ ಎಡಗಡೆಯೇ ಇದೆ, ನಾಲ್ಕೇ ಹೆಜ್ಜೆ ದೂರದಲ್ಲಿ.

ನಮಸ್ಕಾರ.