ಕೆಮ್ಮಣ್ಣಿನ ಗೋಡೆ, ಫಿಲ್ಮಿನ ಮೆದುತನ

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಹೇಳಲು ಹೊರಟಿರುವುದು ಕಣ್ಣಿನ ವಿಷಯ. ರೇಡಿಯೋದಲ್ಲಿ ಅದನ್ನು ತೋರಿಸಲು ಆಗುವುದಿಲ್ಲ. ಹಾಗಾಗಿ ಚಿತ್ರವನ್ನು ನೀವೇ ಮನಸ್ಸಿಗೆ ತಂದುಕೊಳ್ಳಬೇಕು. ಸಾಗರದ ಕಡೆಯ ಒಂದು ಮನೆ. ಒಳಗೋಡೆಗೆ ಕೆಮ್ಮಣ್ಣು ಬಳಿದಿದ್ದಾರೆ. ಗೋಡೆಯ ಮುಂದೆ ಒಬ್ಬ ಅಜ್ಜಿ ಕೂತು ಹಸೆ ಚಿತ್ತಾರ ಬರೆಯುತ್ತಿದ್ದಾರೆ. ಕೈಯಲ್ಲಿ ಪುಂಡಿ ನಾರಿನ ಕುಂಚ, ಪಕ್ಕದ ಕರಟದಲ್ಲಿ ಅಕ್ಕಿಯಿಂದ ಮಾಡಿದ ಬಿಳಿ ಬಣ್ಣ. ಎಡಕ್ಕೆ ಒಂದು ಸಣ್ಣ ಕಿಟಕಿ, ಅದರಿಂದ ಬೆಳಗಿನ ಬೆಳಕು ಬರುತ್ತಿದೆ. ಬಲಕ್ಕೆ ಮೂಲೆಯಲ್ಲಿ ಎಣ್ಣೆ ದೀಪ. ಅಜ್ಜಿಯ ಹಣೆಯಲ್ಲಿ ಕುಂಕುಮ.

ಇದು ಒಂದು ಸಾಕ್ಷ್ಯಚಿತ್ರದ ಶಾಟ್. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ನನ್ನ ಕೆಲಸ ಕಲರ್ ಗ್ರೇಡಿಂಗ್. ಎಡಿಟಿಂಗ್ ಮುಗಿದ ಮೇಲೆ ಒಂದೊಂದು ಶಾಟ್‌ನ ಬಣ್ಣ, ಬೆಳಕು, ನೆರಳು ಹದ ಮಾಡುವ ಕೆಲಸ. ಸಿನಿಮಾದವರು ಇದನ್ನು ಡಿಐ ಅಂತಾರೆ. ನಿರ್ದೇಶಕಿ ನನ್ನ ಪಕ್ಕ ಕೂತು ಕೇಳಿದ್ದು ಒಂದೇ ಮಾತು: "ಹಳೆಯ ಫಿಲ್ಮ್ ಥರ ಮೆತ್ತಗೆ ಕಾಣಬೇಕು."

ಮೊದಲ ಸಲ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಪ್ಪನ್ನು ಸ್ವಲ್ಪ ಎತ್ತಿ ಬೂದು ಮಾಡಿದೆ. ಇಡೀ ಚಿತ್ರಕ್ಕೆ ತೆಳುವಾಗಿ ಮಂಜು ಹಾಕಿದೆ. ಎಲ್ಲದರ ಮೇಲೆ ಗ್ರೇನ್, ಅಂದರೆ ಹಳೆಯ ಫಿಲ್ಮಿನಲ್ಲಿ ಕಾಣುವ ಸಣ್ಣ ಸಣ್ಣ ಕಾಳು, ಉದುರಿಸಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು. ನಿರ್ದೇಶಕಿ ಅದನ್ನು ಊರಿಗೆ ಕಳಿಸಿದರು. ಅಜ್ಜಿ ಮೊಮ್ಮಗನ ಫೋನಿನಲ್ಲಿ ನೋಡಿ ಕೇಳಿದರಂತೆ: "ಅವತ್ತು ಮನೆಯೊಳಗೆ ಹೊಗೆ ತುಂಬಿತ್ತಾ?"

ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಹಾಕಿದ್ದು ನಿಜಕ್ಕೂ ಹೊಗೆಯೇ. ಫಿಲ್ಮಿನ ಮೆದುತನ ಅದರಲ್ಲಿ ಇರಲಿಲ್ಲ. ಹತ್ತು ವರ್ಷ ಒಗೆದು ಉಟ್ಟ ಹತ್ತಿ ಸೀರೆಯನ್ನು ನೆನೆಸಿಕೊಳ್ಳಿ. ಮುಟ್ಟಿದರೆ ಎಷ್ಟು ಮೆತ್ತಗಿರುತ್ತದೆ. ಆದರೂ ಅದರ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತದೆ, ಅಲ್ವಾ? ಫಿಲ್ಮ್ ಕೂಡ ಹಾಗೆಯೇ. ಮೆತ್ತಗಿದ್ದೂ ಸ್ಪಷ್ಟವಾಗಿರುತ್ತದೆ. ನಾನು ಶಾಟ್ ಅನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಮೊದಲು ಕಿಟಕಿ. ಡಿಜಿಟಲ್ ಸೆನ್ಸರ್ ಬೆಳಕನ್ನು ಕೊಡದಲ್ಲಿ ನೀರು ಹಿಡಿದ ಹಾಗೆ ಹಿಡಿಯುತ್ತದೆ. ಬೆಳಕು ಬಿದ್ದಷ್ಟೂ ಒಂದೇ ಸಮ ತುಂಬುತ್ತದೆ. ಕಂಠದವರೆಗೆ ಬಂದ ಮೇಲೆ ಒಂದು ಹನಿಯೂ ಹಿಡಿಸುವುದಿಲ್ಲ. ಆ ಜಾಗ ಬರೀ ಬಿಳಿ. ಕಿಟಕಿಯ ಸರಳು ಎಲ್ಲಿ ಮುಗಿಯಿತು, ಹೊರಗಿನ ಅಡಿಕೆ ಮರ ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯದಂತೆ ಕತ್ತರಿಸಿ ಹೋಗುತ್ತದೆ. ನೆಗೆಟಿವ್ ಫಿಲ್ಮ್ ಹಾಗಲ್ಲ. ಅದು ಒಣ ನೆಲ ಮಳೆನೀರು ಕುಡಿದ ಹಾಗೆ. ಮೊದಲು ಗಟಗಟನೆ ಕುಡಿಯುತ್ತದೆ, ನೆನೆದಷ್ಟೂ ನಿಧಾನವಾಗುತ್ತದೆ. ಜಾಸ್ತಿ ಬೆಳಕು ಬಿದ್ದ ಕಡೆಯೂ ಏನಾದರೂ ಒಂದಷ್ಟು ವಿವರ ಉಳಿದಿರುತ್ತದೆ. ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ 1890ರಲ್ಲೇ ಇದನ್ನು ಅಳೆದು ಒಂದು ಗೆರೆಯಾಗಿ ಬರೆದಿಟ್ಟರು. ಕೆಳಗೆ ಮೆಲ್ಲಗೆ ಏಳುವ, ನಡುವೆ ನೇರ ಹತ್ತುವ, ಮೇಲೆ ಭುಜದಂತೆ ಬಾಗುವ ಗೆರೆ. ಫಿಲ್ಮಿನ ಮೆದುತನದಲ್ಲಿ ದೊಡ್ಡ ಪಾಲು ಆ ಭುಜದ್ದು ಎಂಬುದು ನನ್ನ ನಂಬಿಕೆ.

ನಮ್ಮ ಅದೃಷ್ಟ, ಛಾಯಾಗ್ರಾಹಕರು ಕಿಟಕಿ ಉರಿದು ಹೋಗದಂತೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ಲಾಗ್‌ನಲ್ಲಿ, ಅಂದರೆ ಬೆಳಕು ನೆರಳಿನ ವಿವರ ಆದಷ್ಟೂ ಉಳಿಯುವ ರೀತಿಯಲ್ಲಿ, ತೆಗೆದಿದ್ದರು. ಲಾಗ್ ಚಿತ್ರ ನೋಡಲು ಸಪ್ಪೆ. ಉಪ್ಪು ಹಾಕದ ಸಾರಿನ ಹಾಗೆ. ಆದರೆ ಒಳಗೆ ಎಲ್ಲವೂ ಇರುತ್ತದೆ. ಇರುವುದನ್ನು ಬಾಗಿಸಬಹುದು. ಸೆನ್ಸರ್ ಹಿಡಿಯದೇ ಬಿಟ್ಟದ್ದನ್ನು ಯಾವ ಗ್ರೇಡಿಂಗೂ ತಂದುಕೊಡುವುದಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮೆದುತನ ನಮ್ಮ ಕಂಪ್ಯೂಟರಿಗೆ ಬರುವ ಮೊದಲೇ, ಬೆಳಕಿನಲ್ಲೇ ಇರಬೇಕು. 1956ರ 'ಅಪರಾಜಿತೋ' ಚಿತ್ರಕ್ಕೆ ಬನಾರಸ್ಸಿನ ಮನೆಯ ಸೆಟ್ ಅನ್ನು ಕಲ್ಕತ್ತದ ಸ್ಟುಡಿಯೋದಲ್ಲಿ ಹಾಕಿದ್ದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪದ ಬೆಳಕನ್ನು ಅದಕ್ಕೆ ಹೊಡೆಸಿ ಕೆಳಗೆ ಬೀಳಿಸಿದರು. ತೆರೆದ ಅಂಗಳಕ್ಕೆ ಆಕಾಶದಿಂದ ಇಳಿಯುವ ಬೆಳಕು ಬಂದುಬಿಟ್ಟಿತು. ಅಂಥ ಬೆಳಕು ಇದ್ದರೆ ನಮ್ಮ ಅರ್ಧ ಕೆಲಸ ಮುಗಿದಂತೆ. ಅಜ್ಜಿಯ ಮನೆಯ ಕಿಟಕಿಗೂ ಹೊರಗೆ ಮೋಡದ ಬೆಳಕೇ ಇತ್ತು.

ಎರಡನೆಯದು ಕುಂಕುಮ. ಇದರ ಮೇಲೆ ನಾನು ತುಂಬಾ ಹೊತ್ತು ಕೂತೆ. ಕಂಪ್ಯೂಟರಿನಲ್ಲಿ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸಿದರೆ ಕೆಂಪು ದೀಪದ ಹಾಗೆ ಹೊಳೆಯುತ್ತದೆ. ಹಣೆಯಲ್ಲಿ ಬಲ್ಬ್ ಇಟ್ಟಂತೆ. ಕಾರಣ ಇದೆ. ಪರದೆಯಲ್ಲಿ ಬಣ್ಣ ಅಂದರೆ ಬೆಳಕು. ಕೆಂಪು ಜಾಸ್ತಿ ಅಂದರೆ ಕೆಂಪು ಬೆಳಕು ಜಾಸ್ತಿ. ಫಿಲ್ಮಿನಲ್ಲಿ ಬಣ್ಣ ಅಂದರೆ ಡೈ, ಅಂದರೆ ಬಟ್ಟೆಗೆ ಅದ್ದುವಂಥ ಬಣ್ಣ. ಅದು ಬೆಳಕನ್ನು ತಡೆಯುತ್ತದೆ. ಬಣ್ಣ ಗಾಢವಾದಷ್ಟೂ ಹೆಚ್ಚು ಬೆಳಕು ತಡೆಯಲ್ಪಟ್ಟು ಆ ಜಾಗ ಕಪ್ಪಾಗುತ್ತಾ ಹೋಗುತ್ತದೆ. ಹಾಗಾಗಿ ಫಿಲ್ಮಿನ ಕೆಂಪಿಗೆ ತೂಕ ಇರುತ್ತದೆ. ಅದು ಹೊಳೆಯುವುದಿಲ್ಲ, ಇಂಗಿರುತ್ತದೆ.

ಗ್ರೇಡಿಂಗ್‌ನಲ್ಲಿ ಇದನ್ನು ತರಲು ಕಲರಿಸ್ಟ್‌ಗಳೆಲ್ಲ ಬಲ್ಲ ಒಂದು ಉಪಾಯ ಇದೆ. ಡಾವಿಂಚಿ ರಿಸಾಲ್ವ್ ಎಂಬ ಗ್ರೇಡಿಂಗ್ ಸಾಫ್ಟ್‌ವೇರಿನಲ್ಲಿ ಒಂದು ನೋಡ್‌ನ, ಅಂದರೆ ಕೆಲಸದ ಒಂದು ಹಂತದ, ಬಣ್ಣದ ಲೆಕ್ಕವನ್ನು ಎಚ್‌ಎಸ್‌ವಿಗೆ ಬದಲಿಸುವುದು. ಅದು ಬಣ್ಣ, ಗಾಢತೆ, ಹೊಳಪು ಮೂರನ್ನೂ ಬೇರೆ ಬೇರೆ ಇಡುವ ಲೆಕ್ಕ. ಅದರಲ್ಲಿ ಎರಡನೇ ಚಾನಲ್, ಅಂದರೆ ಗಾಢತೆ, ಒಂದನ್ನೇ ಏರಿಸುವುದು. ಆಗ ಬಣ್ಣ ಗಾಢವಾಗುತ್ತಲೇ ಕಪ್ಪಿನ ಕಡೆ ಜಾರುತ್ತದೆ. ಕುಂಕುಮ ಕುಂಕುಮದ ಹಾಗೆ ಕೂತಿತು. ಅದರ ಜೊತೆಗೇ ಗೋಡೆಯ ಕೆಮ್ಮಣ್ಣೂ ಬದಲಾಯಿತು. ಅಲ್ಲಿಯವರೆಗೆ ಪೇಂಟ್ ಹೊಡೆದ ಗೋಡೆ ಥರ ಇದ್ದದ್ದು ಮಣ್ಣಾಯಿತು. ಆ ಕ್ಷಣ ನಿರ್ದೇಶಕಿಯೂ ನಾನೂ ಏನೂ ಮಾತಾಡಲಿಲ್ಲ.

ಈಗ ದೀಪ. ಹಳೆಯ ಸಿನಿಮಾಗಳಲ್ಲಿ ದೀಪದ ಕುಡಿಯ ಸುತ್ತ ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ಸಣ್ಣ ಅಂಚು ಇರುತ್ತದೆ. ಅದಕ್ಕೆ ಹಾಲೇಶನ್ ಅಂತಾರೆ. ಬಣ್ಣದ ನೆಗೆಟಿವ್‌ನಲ್ಲಿ ಮೂರು ಪದರ. ಮೇಲಿನದು ನೀಲಿ ಬೆಳಕನ್ನು ಹಿಡಿಯುತ್ತದೆ, ನಡುವಿನದು ಹಸಿರನ್ನು, ತಳದ್ದು ಕೆಂಪನ್ನು. ಜೋರು ಬೆಳಕು ಮೂರನ್ನೂ ದಾಟಿ, ಫಿಲ್ಮಿನ ಹಿಂಬದಿಗೆ ತಾಗಿ, ವಾಪಸ್ ಬರುತ್ತದೆ. ವಾಪಸ್ ಬರುವಾಗ ಮೊದಲು ಸಿಗುವುದು ತಳದ ಕೆಂಪು ಪದರ. ಆದ್ದರಿಂದ ಆ ಅಂಚು ಕೆಂಪು. ಇದನ್ನು ತಡೆಯಲೆಂದೇ ಸಿನಿಮಾ ನೆಗೆಟಿವ್‌ನ ಬೆನ್ನಿಗೆ ರೆಮ್‌ಜೆಟ್ ಎಂಬ ಇದ್ದಿಲು ಕಪ್ಪಿನ ಲೇಪ ಹಾಕುತ್ತಿದ್ದರು. ಆದರೂ ಅಷ್ಟಿಷ್ಟು ಬೆಳಕು ನುಸುಳುತ್ತಿತ್ತು. ಎಂಜಿನಿಯರುಗಳು ವರ್ಷಗಟ್ಟಲೆ ತೊಲಗಿಸಲು ನೋಡಿದ ದೋಷವನ್ನು ಇವತ್ತು ನಾವು ಪ್ರೀತಿಯಿಂದ ವಾಪಸ್ ಕರೆಯುತ್ತಿದ್ದೇವೆ. ಇದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ದೀಪ ಗಾಳಿಯನ್ನು ಬಿಸಿ ಮಾಡುತ್ತಿದೆ ಎಂಬ ಭಾವನೆ ಆ ಅಂಚಿನಿಂದ ಬರುತ್ತದೆ.

ಆದರೆ ಅದು ತುಂಬಾ ಬೆಳಗುವ ಜಾಗಕ್ಕೆ ಮಾತ್ರ, ಕತ್ತಲೆ ಪಕ್ಕದಲ್ಲಿದ್ದಾಗ ಮಾತ್ರ ಇರಬೇಕು. ದೀಪದ ಕುಡಿ, ಕಿಟಕಿಯ ಸರಳಿನ ಅಂಚು, ಅಷ್ಟೇ. ಅಜ್ಜಿಯ ಕೆನ್ನೆಗೆ ಅದು ಹಬ್ಬಿದರೆ ಮತ್ತೆ ಹೊಗೆಯ ಕಥೆಯೇ.

ನಾಲ್ಕನೆಯದು ಚಿತ್ತಾರದ ಗೆರೆ. ಪುಂಡಿ ನಾರಿನಿಂದ ಎಳೆದ ಗೆರೆ ದಾರದಷ್ಟು ಸಣ್ಣದು. ಕೈ ಒಂದು ಸೊಲ್ಪ ನಿಂತ ಕಡೆ ಬಿಳಿ ದಪ್ಪ, ಮುಂದೆ ತೆಳ್ಳಗೆ. ಡಿಜಿಟಲ್ ಕ್ಯಾಮೆರಾಗಳು ಎಷ್ಟೋ ಸಲ ಅಂಚನ್ನು ತಾವೇ ಹರಿತ ಮಾಡುತ್ತವೆ. ಗೆರೆ ಬ್ಲೇಡಿನಲ್ಲಿ ಕೊರೆದಂತೆ ಕಾಣುತ್ತದೆ. ಅಜ್ಜಿಯ ಮುಖದ ಸುಕ್ಕೂ ಹಾಗೆಯೇ. ಫಿಲ್ಮ್ ದೊಡ್ಡ ಆಕಾರಗಳನ್ನು ಗಟ್ಟಿಯಾಗಿ ತೋರಿಸುತ್ತದೆ, ತೀರಾ ಸಣ್ಣ ವಿವರಗಳ ಹತ್ತಿರ ಬಂದಂತೆ ಮೆಲ್ಲಗೆ ಕೈ ಬಿಡುತ್ತದೆ. ಬೆಳಕು ಲೆನ್ಸ್ ದಾಟಿ, ಜೆಲಟಿನ್ ಪದರದೊಳಗೆ ಹರಡಿ, ಆಮೇಲೆ ನೆಗೆಟಿವ್‌ನಿಂದ ಟಾಕೀಸಿನಲ್ಲಿ ಓಡಿಸುವ ಪ್ರಿಂಟ್‌ಗೆ ಇನ್ನೊಮ್ಮೆ ಇಳಿಯುವಷ್ಟರಲ್ಲಿ ಆ ಹರಿತ ತಾನಾಗಿ ಸವೆಯುತ್ತದೆ. ನಾನು ಮೊದಲು ಕ್ಯಾಮೆರಾದ ಆ ಕೃತಕ ಹರಿತವನ್ನು ಇಳಿಸಿದೆ. ಆಮೇಲೆ ಕಣ್ಣಿಗೆ ಬಿದ್ದೂ ಬೀಳದಷ್ಟು ಬ್ಲರ್ ಕೊಟ್ಟೆ. ಅದನ್ನು ಆನ್ ಮಾಡಿ, ಆಫ್ ಮಾಡಿ ನೋಡಿದಾಗ ಮಾತ್ರ ವ್ಯತ್ಯಾಸ ಗೊತ್ತಾಗಬೇಕು. ಸುಮ್ನೆ ನೋಡುವವರಿಗೆ ಗೊತ್ತಾದರೆ ಜಾಸ್ತಿ ಆಯಿತು ಅಂತ ಅರ್ಥ.

ಕೊನೆಗೆ ಗ್ರೇನ್. ಎಲ್ಲರೂ ಮೊದಲು ಕೇಳುವುದು ಇದನ್ನೇ. ಫಿಲ್ಮಿನಲ್ಲಿ ಚಿತ್ರದ ಮೇಲೆ ಗ್ರೇನ್ ಇರುವುದಿಲ್ಲ, ಗ್ರೇನ್‌ನಿಂದಲೇ ಚಿತ್ರ ಆಗಿರುತ್ತದೆ. ಬೆಳಕು ತಾಗಿದ ಬೆಳ್ಳಿಯ ಹರಳುಗಳ ಸುತ್ತ ಡೈ ಮೋಡದ ಹಾಗೆ ಕಟ್ಟುತ್ತದೆ. ಬಣ್ಣದ ಫಿಲ್ಮ್ ತೊಳೆಯುವಾಗ ಬೆಳ್ಳಿ ಹೋಗುತ್ತದೆ, ಆ ಮೋಡಗಳು ಉಳಿಯುತ್ತವೆ. ಸೆಕೆಂಡಿಗೆ 24 ಫ್ರೇಮ್, ಪ್ರತಿ ಫ್ರೇಮಿನಲ್ಲೂ ಮೋಡಗಳ ಜಾಗ ಬೇರೆ. ಆದ್ದರಿಂದಲೇ ಅಲ್ಲಾಡದ ಗೋಡೆ ಕೂಡ ಫಿಲ್ಮಿನಲ್ಲಿ ಉಸಿರಾಡುತ್ತದೆ. ಡಿಜಿಟಲ್‌ನಲ್ಲಿ ಪಿಕ್ಸೆಲ್‌ಗಳು ಅಲ್ಲಲ್ಲೇ ಕೂತಿರುತ್ತವೆ. ಗೋಡೆ ಫೋಟೋದ ಹಾಗೆ ನಿಂತುಬಿಡುತ್ತದೆ.

ಮೊದಲ ಸಲ ನಾನು ಗ್ರೇನ್ ಅನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದ್ದೆ. ಕಿಟಕಿಯ ಬಿಳಿಯ ಮೇಲೂ, ಮೂಲೆಯ ಕತ್ತಲೆಯ ಮೇಲೂ ಒಂದೇ ಸಮ. ಧೂಳು ಬಿದ್ದ ಗಾಜಿನೊಳಗಿಂದ ನೋಡಿದ ಹಾಗೆ. ಫಿಲ್ಮಿನ ದಾರಿ ಬೇರೆ. ಗ್ರೇನ್ ಇರುವುದು ನೆಗೆಟಿವ್‌ನಲ್ಲಿ. ಅದರಿಂದ ಪ್ರಿಂಟ್ ತೆಗೆಯುತ್ತಾರೆ. ಪ್ರಿಂಟ್ ಫಿಲ್ಮಿನ ಕಾಂಟ್ರಾಸ್ಟ್ ಜಾಸ್ತಿ. ಅದು ತೀರಾ ಬೆಳಕನ್ನೂ ತೀರಾ ಕತ್ತಲನ್ನೂ ಒತ್ತಿಬಿಡುತ್ತದೆ, ಜೊತೆಗೆ ಅಲ್ಲಿನ ಗ್ರೇನ್ ಕೂಡ ಅಡಗುತ್ತದೆ. ನಡುವಿನ ಬೆಳಕಿನಲ್ಲಿ, ಅಂದರೆ ಮುಖ, ಗೋಡೆ, ಆಕಾಶಗಳಲ್ಲಿ, ಗ್ರೇನ್ ಕಾಣುತ್ತದೆ. ಎರಡನೇ ಸಲ ನಾನು ಅದೇ ಕ್ರಮ ಹಿಡಿದೆ. ಲಾಗ್ ಚಿತ್ರಕ್ಕೆ ಗ್ರೇನ್ ಮೊದಲು. ಅದಾದ ಮೇಲೆ ಕೊಡಾಕ್ 2383 ಎಂಬ ಪ್ರಿಂಟ್ ಫಿಲ್ಮನ್ನು ಅನುಸರಿಸುವ ಲಟ್, ಅಂದರೆ ಯಾವ ಬಣ್ಣ ಯಾವುದಾಗಬೇಕು ಎಂದು ಹೇಳುವ ಸಿದ್ಧ ಪಟ್ಟಿ. ಗ್ರೇನ್ ತಾನಾಗಿ ತನ್ನ ಜಾಗ ನೋಡಿಕೊಂಡಿತು.

ಈ 2383 ಲಟ್ ಬಗ್ಗೆ ಹೊಸಬರಿಗೆ ಒಂದು ಕಿವಿಮಾತು. ರಿಸಾಲ್ವ್‌ನಲ್ಲಿ ಅದು ಮೊದಲೇ ಇರುತ್ತದೆ. ಆದರೆ ಅದು ಎದುರು ನೋಡುವುದು ಸಿನಿಯಾನ್ ಲಾಗ್ ಚಿತ್ರವನ್ನು, ಅಂದರೆ ನೆಗೆಟಿವ್ ಸ್ಕ್ಯಾನ್ ಮಾಡಿದಾಗ ಸಿಗುವಂಥದ್ದನ್ನು. ಮಾಮೂಲಿ ವಿಡಿಯೋ ಮೇಲೆ ನೇರ ಹಾಕಿದರೆ ನೆರಳೆಲ್ಲ ಇದ್ದಿಲಾಗುತ್ತದೆ. ನಿಮ್ಮ ಕ್ಯಾಮೆರಾದ ಲಾಗ್ ಅನ್ನು ಮೊದಲು ಸಿನಿಯಾನ್‌ಗೆ ಬದಲಿಸಿ, ಆಮೇಲೆ ಹಾಕಿ. ಆಗಲೂ ಪೂರ್ತಿ ಹಾಕಬೇಕೆಂದಿಲ್ಲ. ನಾನು ಸುಮಾರು ಅರ್ಧಕ್ಕೆ ನಿಲ್ಲಿಸಿದೆ.

ಇಷ್ಟೆಲ್ಲ ಕಷ್ಟ ಯಾಕೆ, ಫಿಲ್ಮಿನಲ್ಲೇ ತೆಗೆಯಬಹುದಲ್ಲ ಅಂತ ನೀವು ಕೇಳಬಹುದು. 1000 ಅಡಿಯ ಒಂದು ರೀಲು 35 ಎಂಎಂ ಫಿಲ್ಮ್ ಓಡುವುದು ಸುಮಾರು 11 ನಿಮಿಷ. ಅಜ್ಜಿ ಒಂದು ಚಿತ್ತಾರ ಮುಗಿಸಲು ತೆಗೆದುಕೊಂಡ ಹೊತ್ತನ್ನೆಲ್ಲ ಹಿಡಿಯಲು ಸಣ್ಣ ಸಾಕ್ಷ್ಯಚಿತ್ರದವರಿಗೆ ಆಗದ ಮಾತು. ದೊಡ್ಡವರಿಗೆ ಬೇರೆ ದಾರಿಗಳಿವೆ. 2021ರ 'ಡ್ಯೂನ್' ಚಿತ್ರವನ್ನು ಛಾಯಾಗ್ರಾಹಕ ಗ್ರೇಗ್ ಫ್ರೇಸರ್ ಡಿಜಿಟಲ್‌ನಲ್ಲೇ ತೆಗೆದರು. ಆಮೇಲೆ ಅದನ್ನು 35 ಎಂಎಂ ಫಿಲ್ಮಿಗೆ ಇಳಿಸಿ, ಮತ್ತೆ ಸ್ಕ್ಯಾನ್ ಮಾಡಿಸಿದರು. ಇನ್ನೊಂದು ಕಡೆ ಸ್ಟೀವ್ ಯೆಡ್ಲಿನ್ ಎಂಬ ಅಮೆರಿಕದ ಛಾಯಾಗ್ರಾಹಕರು ಫಿಲ್ಮಿನ ಶಾಟ್‌ಗಳನ್ನೂ ಡಿಜಿಟಲ್ ಶಾಟ್‌ಗಳನ್ನೂ ಬೆರೆಸಿ ತೋರಿಸಿ, ಯಾವುದು ಯಾವುದು ಹೇಳಿ ನೋಡೋಣ ಎಂದು ಸವಾಲು ಹಾಕಿದರು. ಫಿಲ್ಮಿನ ಗುಣವನ್ನು ಸರಿಯಾಗಿ ಅಳೆದರೆ ಲೆಕ್ಕದಲ್ಲೇ ತರಬಹುದು ಎಂಬುದು ಅವರ ವಾದ. ಆ ವಾದ ನನಗೆ ಧೈರ್ಯ ಕೊಟ್ಟಿದೆ.

ಕನ್ನಡದ ಮೊದಲ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಅಲ್ಲಿಂದ ಹೆಚ್ಚು ಕಡಿಮೆ ಅರ್ಧ ಶತಮಾನ ನಮ್ಮ ಟೆಂಟು, ಟಾಕೀಸುಗಳ ಬಣ್ಣವೆಲ್ಲ ಫಿಲ್ಮಿನದ್ದೇ. ನಮ್ಮ ಕಣ್ಣು ಬಣ್ಣದ ಸಿನಿಮಾ ನೋಡಲು ಕಲಿತದ್ದು ಅದರಲ್ಲಿ. ನಿರ್ದೇಶಕಿ ಕೇಳಿದ ಆ ಒಂದು ಮಾತಿನ ಹಿಂದೆ ಇದೂ ಇತ್ತು ಅಂತ ನನಗೆ ಅನ್ನಿಸುತ್ತದೆ.

ಮುಗಿಸಿದ ಮೇಲೂ ಒಂದು ತೊಂದರೆ ಉಳಿದಿತ್ತು. ಚಿತ್ರವನ್ನು ಆನ್‌ಲೈನ್‌ಗೆ ಹಾಕುವಾಗ ಫೈಲನ್ನು ಹಿಂಡಿ ಸಣ್ಣದು ಮಾಡುತ್ತಾರೆ. ಹಿಂಡುವ ಯಂತ್ರಕ್ಕೆ ಗ್ರೇನ್ ಅಂದರೆ ಪ್ರತಿ ಫ್ರೇಮಿಗೂ ಬದಲಾಗುವ ಗದ್ದಲ. ಅದನ್ನು ಒರೆಸಿ ಹಾಕುತ್ತದೆ. ನನ್ನ ಗೋಡೆ ಚೌಕ ಚೌಕದ ಕೆಸರಾಗಿತ್ತು. ಎವಿ1 ಎಂಬ ಹೊಸ ಪದ್ಧತಿಯಲ್ಲಿ ಇದಕ್ಕೊಂದು ದಾರಿ ಇದೆ. ಗ್ರೇನ್ ಅನ್ನು ತೆಗೆದು, ಅದು ಹೇಗಿತ್ತು ಎಂಬ ಅಳತೆ ಮಾತ್ರ ಕಳಿಸಿ, ನೋಡುವವರ ಫೋನಿನಲ್ಲೇ ಮತ್ತೆ ಹುಟ್ಟಿಸುವುದು. ಎಲ್ಲ ಕಡೆ ಅದು ಸಿಗುವುದಿಲ್ಲ. ನಾನು ಆನ್‌ಲೈನ್ ಪ್ರತಿಗೆ ಗ್ರೇನ್ ಕಡಿಮೆ ಮಾಡಿ, ಸ್ವಲ್ಪ ದಪ್ಪ ಮಾಡಿ, ಬೇರೆ ಫೈಲೇ ತೆಗೆದೆ. ಹಿಂಡಿದ ಮೇಲೂ ಒಂದಷ್ಟು ಉಳಿಯಿತು.

ಆ ಪ್ರತಿಯನ್ನು ನಾವೇ ಲ್ಯಾಪ್‌ಟಾಪಿನಲ್ಲಿ ಅಜ್ಜಿಯ ಮನೆಗೆ ಒಯ್ದೆವು. ಅದೇ ಗೋಡೆಯ ಮುಂದೆ ಮಣೆಯ ಮೇಲಿಟ್ಟು ತೋರಿಸಿದೆವು. ಅಜ್ಜಿ ಹೊಗೆಯ ಮಾತು ಎತ್ತಲಿಲ್ಲ. ಬಣ್ಣ ಚೆನ್ನಾಗಿದೆ ಅಂತಲೂ ಹೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ, ಪರದೆಯಲ್ಲಿ ಗೋಡೆಯ ಕೆಳಗಿನ ಮೂಲೆಗೆ ಬೆರಳಿಟ್ಟರು.

"ಇಲ್ನೋಡು ತಮ್ಮಾ, ಇಲ್ಲಿ ಕೆಮ್ಮಣ್ಣು ಎರಡು ಸಲ ಬಳಿದಿದ್ದೆ. ಮೊದಲನೇದು ಬಿರುಕು ಬಿಟ್ಟಿತ್ತು."

ನಾನು ಅಷ್ಟು ದಿನ ಆ ಶಾಟ್ ನೋಡಿದ್ದೆ. ಆ ಎರಡನೇ ಬಳಿತದ ಅಂಚು ನನ್ನ ಕಣ್ಣಿಗೆ ಬಿದ್ದದ್ದು ಅವರು ಬೆರಳಿಟ್ಟ ಮೇಲೆಯೇ.

ನಮಸ್ಕಾರ.