ಅಂಬಾಸಿಡರ್ ಕಾರು, ಓಮ್ನಿ ವ್ಯಾನು

ಕೇಳುಗರಿಗೆ ನಮಸ್ಕಾರ. ಇವತ್ತು ಎರಡು ಗಾಡಿಗಳ ಮಾತು. ಒಂದು ಅಂಬಾಸಿಡರ್ ಕಾರು, ಇನ್ನೊಂದು ಮಾರುತಿ ಓಮ್ನಿ. ಎರಡೂ ಈಗ ತಯಾರಾಗುತ್ತಿಲ್ಲ. ಅಂಬಾಸಿಡರ್ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಆದರೂ ಅಂಬಾಸಿಡರ್ ಕಂಡರೆ ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಓಮ್ನಿ ಕಂಡರೆ ಕೈ ಅಡ್ಡ ಹಿಡಿದು "ಜಾಗ ಇದೆಯಾ?" ಎಂದು ಕೇಳುತ್ತಾರೆ!

ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ತಳಿ. 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗತೊಡಗಿತು. ಓಮ್ನಿ ಬಂದದ್ದು 1984ರಲ್ಲಿ. ಆಗ ಅದಕ್ಕೆ ಬರೀ ಮಾರುತಿ ವ್ಯಾನ್ ಎಂದೇ ಹೆಸರು.

ನನ್ನ ಪ್ರಕಾರ ಇವೆರಡರ ನಡುವಿನ ಎಲ್ಲ ವ್ಯತ್ಯಾಸಕ್ಕೂ ಬೇರು ಒಂದೇ. ಎಂಜಿನ್ ಎಲ್ಲಿದೆ ಅನ್ನೋದು. ಅಂಬಾಸಿಡರ್‌ನಲ್ಲಿ ಅದು ಮುಂದೆ, ಉದ್ದನೆಯ ಬಾನೆಟ್ ಕೆಳಗೆ. ಹಳೆಯ ಗಾಡಿಗಳಲ್ಲಿ 1489 ಸಿಸಿ. ಗೇರು ಸ್ಟೇರಿಂಗ್ ಬುಡದಲ್ಲಿ, ಹಾಗಾಗಿ ಮುಂದಿನ ಉದ್ದ ಸೀಟಿನಲ್ಲಿ ಡ್ರೈವರ್ ಜೊತೆ ಇನ್ನಿಬ್ಬರು ಕೂರಬಹುದಿತ್ತು. ಹಿಂದಿನ ಸೀಟಂತೂ ಸೋಫಾನೇ. ಮಂತ್ರಿಗಳು, ಅಧಿಕಾರಿಗಳು ಅದನ್ನು ಬಿಡಲೊಲ್ಲದೆ ಇದ್ದದ್ದು ಸುಮ್ನೆ ಅಲ್ಲ. ಕಷ್ಟವೆಲ್ಲ ಡ್ರೈವರಿಗೆ. ಸ್ಟೇರಿಂಗ್ ತಿರುಗಿಸುವಷ್ಟರಲ್ಲಿ ತೋಳು ಸೋಲುತ್ತಿತ್ತು.

ಓಮ್ನಿಯಲ್ಲಿ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಕೂತಿದೆ. ರಿಪೇರಿಗೆ ಸೀಟು ಎತ್ತಬೇಕು. ಬೇಸಿಗೆಯಲ್ಲಿ ಡ್ರೈವರಿಗೆ ಕೆಳಗಿನಿಂದ ಕಾವು. ಆದರೆ ಲೆಕ್ಕ ನೋಡಿ: ಅಂಬಾಸಿಡರ್ ಉದ್ದ ಸುಮಾರು 4.3 ಮೀಟರ್, ಓಮ್ನಿ ಸುಮಾರು 3.4. ಹತ್ತಿರ ಹತ್ತಿರ ಒಂದು ಮೀಟರ್ ಕಡಿಮೆ, ಒಳಗೆ ಹಿಡಿಸುವುದು ಮಾತ್ರ ಜಾಸ್ತಿ. ಹಿಂದಿನ ಸೀಟು ತೆಗೆದರೆ ಅಡಿಕೆ ಮೂಟೆ, ಸ್ಟ್ರೆಚರ್ ಇಟ್ಟರೆ ಆಂಬುಲೆನ್ಸ್. ಜಾರುವ ಬಾಗಿಲಾದ್ದರಿಂದ ಇಕ್ಕಟ್ಟಿನ ಪೇಟೆಬೀದಿಯಲ್ಲೂ ಇಳಿಯೋದು ಸಲೀಸು. ದಕ್ಷಿಣ ಕನ್ನಡ, ಮಲೆನಾಡಿನ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಜಾಗಕ್ಕೆ ಬೆಲೆಯೂ ಇತ್ತು. ಮೂತಿಯೇ ಇಲ್ಲದ ಗಾಡಿ. ಎದುರಿನಿಂದ ಗುದ್ದಿದರೆ ಮೊದಲು ಸಿಗುವುದು ಡ್ರೈವರಿನ ಕಾಲು. ಹೊಸ ಸುರಕ್ಷತಾ ನಿಯಮಗಳು ಬಂದಾಗ ಓಮ್ನಿ ನಿಂತುಹೋಗಲು ಇದೇ ಕಾರಣ. ಹಾಗಂತ ಹಳೆಯ ಅಂಬಾಸಿಡರ್ ಭದ್ರ ಅಂದುಕೊಳ್ಳಬೇಡಿ. ದಪ್ಪ ತಗಡು ಇತ್ತು, ಸೀಟ್ ಬೆಲ್ಟ್ ಇರಲಿಲ್ಲ.

ಕೂತು ಹೋಗುವುದಾದರೆ ನನಗೆ ಅಂಬಾಸಿಡರ್ ಇರಲಿ. ದುಡಿಯುವುದಾದರೆ ಓಮ್ನಿಯೇ ಸೈ.

ಕೇಂದ್ರದ 2021ರ ನಿಯಮದಂತೆ, 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಅಕ್ಷರ ಇರುತ್ತದೆ. ಆದರೆ ಮೂಲ ರೂಪ ಹೆಚ್ಚು ಬದಲಾಗಿರಬಾರದು, ಬಾಡಿಗೆಗೆ ಓಡಿಸುವಂತಿಲ್ಲ. 1960ರ ದಶಕದ ಅಂಬಾಸಿಡರ್‌ಗಳು ಈ ಸಾಲಿಗೆ ಆಗಲೇ ಸೇರಬಲ್ಲವು. ಮೊದಲ ಮಾರುತಿ ವ್ಯಾನುಗಳಿಗೆ 50 ತುಂಬುವುದು 2034ರಲ್ಲಿ. ಅಷ್ಟರೊಳಗೆ ಸೀಟು ಕೀಳದ, ಗ್ಯಾಸ್ ಕಿಟ್ ಹಾಕದ ಒಂದು ವ್ಯಾನು ಹುಡುಕಿದರೂ ಸಿಗುತ್ತದಾ? ನನಗಂತೂ ಅನುಮಾನ. ನಮಸ್ಕಾರ.