ನಿಮಗೆ ಹೇಗೆ ಗೊತ್ತು?

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಡಿಕೆ ಸುಲಿಯುತ್ತಾ ಕೂತಿರುತ್ತೀರಿ. ಕೈ ತನ್ನ ಪಾಡಿಗೆ ಸುಲಿಯಲಿ. ಕಿವಿ ಮಾತ್ರ ಇತ್ತ ಕೊಡಿ.

ನನಗೆ ಕೊಟ್ಟಿರುವ ವಿಷಯ, ಮನೆತನದ ಇತಿಹಾಸವನ್ನು ಕಾಲೇಜಿನಲ್ಲಿ ಪಾಠವಾಗಿ ಕಲಿಸುವುದು. ವಂಶವೃಕ್ಷ ಅಂದ ಕೂಡಲೇ ನಿಮಗೆ ನಾಡಕಚೇರಿ ನೆನಪಾಗುತ್ತದೆ, ಅಲ್ವಾ? ಅಪ್ಪ ತೀರಿಕೊಂಡರು, ಪೌತಿ ಖಾತೆ ಆಗಬೇಕು, ವಂಶವೃಕ್ಷ ತನ್ನಿ ಅಂತಾರೆ. ಅದು ಜಮೀನಿನ ಲೆಕ್ಕಕ್ಕೆ ಬೇಕಾದ ಮರ. ಖಾತೆ ಆದ ಮೇಲೆ ಅದನ್ನು ಯಾರೂ ತೆಗೆದು ನೋಡುವುದಿಲ್ಲ. ನಾನು ಹೇಳುತ್ತಿರುವುದು ಬೇರೆ ಮರ.

ನಾನು ಸಾಗರದ ಕಡೆ ಬಹಳ ವರ್ಷ ಇತಿಹಾಸ ಪಾಠ ಮಾಡಿದವನು. ಮಕ್ಕಳಿಗೆ ಅವರವರ ಮನೆಯ ಇತಿಹಾಸ ಬರೆಸೋಣ ಅಂದಾಗ ಜೊತೆಯ ಮೇಷ್ಟ್ರೊಬ್ಬರು ನಕ್ಕರು. 'ಅದೇನ್ರೀ ಪಾಠ? ಅಜ್ಜಿ ಹತ್ರ ಅರ್ಧ ಗಂಟೆ ಕೂತರೆ ಮುಗೀತಲ್ಲ' ಅಂದರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯ ಇದೆ. ಅಲ್ಲಿ ವಂಶಾವಳಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬಹುದು. ಅಮೆರಿಕದ ಯೂಟಾದಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಇದೇ ವಿಷಯಕ್ಕೆ ಪದವಿ ಕೊಡುತ್ತದೆ. ಅಜ್ಜಿ ಹತ್ತಿರ ಕೂರುವುದಕ್ಕೆ ಯಾರಾದರೂ ಪದವಿ ಕೊಡುತ್ತಾರಾ? ಅಜ್ಜಿ ಹೇಳಿದ್ದನ್ನು ಎಷ್ಟು ನಂಬಬೇಕು, ಯಾವುದರ ಜೊತೆ ತಾಳೆ ನೋಡಬೇಕು ಅನ್ನುವುದಕ್ಕೆ ಕೊಡುತ್ತಾರೆ. ಆ ಇಡೀ ಶಾಸ್ತ್ರವನ್ನು ಹಿಂಡಿದರೆ ಉಳಿಯುವುದು ಒಂದೇ ಪ್ರಶ್ನೆ. ನಿಮಗೆ ಹೇಗೆ ಗೊತ್ತು?

ಇದು ವಿದೇಶದ ಚಾಳಿ ಅನ್ನಬೇಡಿ. ಉತ್ತರ ಕರ್ನಾಟಕದ ಕಡೆ ಹೆಳವರು ಎತ್ತು ಹೊಡೆದುಕೊಂಡು ಮನೆ ಮುಂದೆ ಬಂದು ಆ ಮನೆಯ ತಲೆಮಾರುಗಳನ್ನು ಓದಿ ಹೇಳುತ್ತಾರೆ. ಅವರ ಹತ್ತಿರ ಪುಸ್ತಕವೇ ಇರುತ್ತದೆ. ಇನ್ನು ನೀಲಗಿರಿಗೆ 1901ರ ಹೊತ್ತಿಗೆ ರಿವರ್ಸ್ ಅನ್ನುವ ಇಂಗ್ಲಿಷ್ ವಿದ್ವಾಂಸ ಬಂದ. ಅಲ್ಲಿನ ಬುಡಕಟ್ಟಿನವರಾದ ತೋಡರ ವಂಶಾವಳಿಗಳನ್ನು ಬರೆದುಕೊಂಡ. ತೋಡರು ತೀರಿಕೊಂಡ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದಕ್ಕೆ ಈ ಮನೆಯ ಹೆಸರನ್ನು ಇನ್ನೊಂದು ಮನೆಯವರಿಂದ ಕೇಳಿದ. ನಮ್ಮಲ್ಲೂ ಗಂಡನ ಹೆಸರು ಹೇಳದ ಅಜ್ಜಿಯರಿದ್ದರಲ್ಲ, ಹಾಗೇ. 1910ರಲ್ಲಿ ಈ ಕ್ರಮದ ಬಗ್ಗೆಯೇ ಲೇಖನ ಬರೆದ. ಮಾನವಶಾಸ್ತ್ರ ಓದುವವರು ಇವತ್ತಿಗೂ ಅದನ್ನು ಓದುತ್ತಾರೆ.

ಈಗ ಒಂದು ಸುಲಭದ ಲೆಕ್ಕ. ಕೈ ತೊಳೆಯುವುದು ಬೇಡ, ಮನಸ್ಸಿನಲ್ಲೇ ಹಾಕಿ. ನೀವು 1. ಅಪ್ಪ 2, ಅಮ್ಮ 3. ಅಪ್ಪನ ಅಪ್ಪ 4, ಅಪ್ಪನ ಅಮ್ಮ 5. ಅಮ್ಮನ ಅಪ್ಪ 6, ಅಮ್ಮನ ಅಮ್ಮ 7. ಯಾರ ನಂಬರನ್ನಾದರೂ ಎರಡರಿಂದ ಗುಣಿಸಿ, ಅವರ ಅಪ್ಪ ಬರುತ್ತಾರೆ. ಅದಕ್ಕೆ ಒಂದು ಸೇರಿಸಿ, ಅಮ್ಮ. ಅಷ್ಟೇ. ಇದಕ್ಕೊಂದು ಉದ್ದದ ಜರ್ಮನ್ ಹೆಸರಿದೆ, ಬಿಡಿ. ಇದರಲ್ಲಿ ಹೆಂಗಸರನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. ನನಗೆ ಇದು ಇಷ್ಟವಾಗುವುದು ಅದಕ್ಕೇ.

ಇದನ್ನು ಹೇಳಿಕೊಟ್ಟ ಮರುವಾರ ಒಬ್ಬ ವಿದ್ಯಾರ್ಥಿನಿ ಹಾಳೆ ತಂದಳು. ತೋಟದ ಮನೆಯ ಹುಡುಗಿ, ಚುರುಕು. ಎಲ್ಲ ಸರಿ ಇತ್ತು. 9ನೇ ನಂಬರಿನಲ್ಲಿ ಮಾತ್ರ ಎರಡು ಹೆಸರು. 9 ಅಂದರೆ ಯಾರು? 4ರ ಅಮ್ಮ. ಅಜ್ಜನ ಅಮ್ಮ, ಮುತ್ತಜ್ಜಿ. 'ಮುತ್ತಜ್ಜನಿಗೆ ಇಬ್ಬರು ಹೆಂಡತಿಯರು ಸರ್' ಅಂದಳು. ಇರಲಿ ಮಗಾ, ಹತ್ತು ಜನ ಇರಲಿ. ನಿನ್ನ ಅಜ್ಜನನ್ನು ಹೆತ್ತವಳು ಒಬ್ಬಳೇ ತಾನೆ? ಯಾರು ಅವಳು? ಹುಡುಗಿಗೆ ಗೊತ್ತಿಲ್ಲ. ಇಬ್ಬರು ಅಂತ ನಿನಗೆ ಹೇಗೆ ಗೊತ್ತು? 'ಮನೇಲಿ ಎಲ್ಲರೂ ಹೇಳ್ತಾರೆ ಸರ್.'

ಈ 'ಎಲ್ಲರೂ' ಅನ್ನುವುದು ನನಗೆ ಆಗಿಬರುವುದಿಲ್ಲ. ಎಲ್ಲರೂ ಅಂದರೆ ಸಾಮಾನ್ಯವಾಗಿ ಒಬ್ಬರೇ, ಉಳಿದವರು ಅವರಿಂದ ಕೇಳಿದವರು. ಇಲ್ಲಿಯೂ ಹಾಗೇ ಆಯಿತು. ಕೇಳುತ್ತಾ ಹೋದರೆ ಮಾತೆಲ್ಲ ಅವಳ ಸೋದರತ್ತೆಯ ಹತ್ತಿರ ಬಂದು ನಿಂತಿತು. ಒಂದು ಭಾನುವಾರ ನಾನೇ ಬಸ್ಸು ಹತ್ತಿ ಹೋದೆ. ಅತ್ತೆ ಕಾಫಿ ಕೊಟ್ಟು, ಸೀದಾ ಬಚ್ಚಲುಮನೆಗೆ ಕರೆದುಕೊಂಡು ಹೋಗಿ, ಮುತ್ತಜ್ಜನ ಮದುವೆಯಲ್ಲಿ ಬಂದ ತಾಮ್ರದ ಹಂಡೆ ತೋರಿಸಿದರು. 'ಇದ್ರಲ್ಲಿರೋ ಹೆಸರು ನಮ್ಮಜ್ಜಿದಲ್ಲ. ಅಂದ್ರೆ ಮೊದಲನೆಯವಳದ್ದು' ಅಂದರು. ನೋಡಿ, ಇಡೀ ಸಂಸಾರಕ್ಕೆ ಸಾಕ್ಷಿ ಒಂದು ಹಂಡೆ.

ಹಂಡೆಯ ತುಂಬಾ ಮಸಿ. ಹುಣಸೆಹಣ್ಣು ಹಾಕಿ ತಿಕ್ಕಿದೆವು. ನಾನೂ ತಿಕ್ಕಿದೆ. ಕಂಠದ ಹತ್ತಿರ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಎದ್ದುಬಂತು. ಒಂದು ಹೆಣ್ಣಿನ ಹೆಸರು, ನದಿಯ ಹೆಸರು ಅದು. ಅದರ ಪಕ್ಕ 'ರಕ್ತಾಕ್ಷಿ'. ಈ ಎರಡನೆಯದನ್ನು ಮನೆಯಲ್ಲಿ ಯಾರೂ ನೋಡಿಯೇ ಇರಲಿಲ್ಲ. ಹುಡುಗಿ ಪಂಚಾಂಗ ನೋಡಿ 'ರಕ್ತಾಕ್ಷಿ ಅಂದರೆ 1984' ಅಂದಳು. ಹೌದು. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1984, ಅದಕ್ಕೆ ಮೊದಲು 1924, ಅದಕ್ಕೂ ಮೊದಲು 1864. ಅತ್ತೆ ತಾವು ಸಣ್ಣವರಿದ್ದಾಗ ಅದೇ ಹಂಡೆಯ ನೀರು ಮಿಂದವರು. ಹಾಗಾಗಿ 84 ಅಲ್ಲ. ಅಜ್ಜ ಹುಟ್ಟಿದ್ದು 1927 ಅಂತ ಶಾಲೆಯ ದಾಖಲಾತಿ ಪುಸ್ತಕದಲ್ಲಿತ್ತು. ಹಳೇ ಮೇಷ್ಟ್ರುಗಳು ಬರೆದ ಹುಟ್ಟಿದ ತಾರೀಕನ್ನು ಕಣ್ಣು ಮುಚ್ಚಿ ನಂಬಬೇಡಿ, ಅರ್ಧ ಊರು ಜೂನ್ 1ಕ್ಕೆ ಹುಟ್ಟಿರುತ್ತದೆ. ಆದರೂ ಒಂದೆರಡು ವರ್ಷ ಆಚೀಚೆ ಹೋಗಬಹುದು, ಅರವತ್ತು ವರ್ಷ ಹೋಗುವುದಿಲ್ಲ. ಹಾಗಾದರೆ ಹಂಡೆ 1924ರ ಮದುವೆಯದ್ದು.

ಅಲ್ಲಿಂದ ಪುರೋಹಿತ ಭಟ್ಟರ ಮನೆ. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳಬೇಕಲ್ಲ. ಈ ಮನೆಯಲ್ಲಿ ಮುತ್ತಜ್ಜಿಯ ಜಾಗದಲ್ಲಿ ಏನು ಹೇಳಿಸುತ್ತೀರಿ ಅಂದೆ. ಅವರು ಒಂದೇ ಹೆಸರು ಹೇಳಿದರು. ಹಂಡೆಯ ಮೇಲಿನದಲ್ಲ, ಒಂದು ದೇವಿಯ ಹೆಸರು. ಸವತಿ ಇದ್ದಿದ್ದರೆ ಅವಳ ಹೆಸರನ್ನೂ ಹೇಳಿಸುತ್ತಿದ್ದೆ ಅಂದರು. ಅಂದರೆ ಜಗುಲಿಯಲ್ಲಿ ಗಂಡಸರು ಒಬ್ಬಳಿಗೆ ಪಿಂಡ ಇಡುತ್ತಿದ್ದರು, ಒಳಗೆ ಹೆಂಗಸರು ಇಬ್ಬರ ಕತೆ ಹೇಳುತ್ತಿದ್ದರು. ಇಷ್ಟು ವರ್ಷ ಯಾರೂ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಉಳಿದದ್ದು ಮುತ್ತಜ್ಜಿಯ ತವರು. ಆ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ನೀರಿನಡಿ ಹೋಯಿತು. ಮನೆಯವರು ಶಿವಮೊಗ್ಗದ ಹತ್ತಿರ ಬಂದು ನೆಲೆಸಿದ್ದರು. ಹುಡುಗಿ ಒಬ್ಬಳೇ ಹುಡುಕಿಕೊಂಡು ಹೋದಳು. ಅಲ್ಲಿನ ಹಿರಿಯರನ್ನು ಕೇಳಿದ್ದು ಒಂದೇ ಮಾತು: ನಮ್ಮೂರಿಗೆ ಕೊಟ್ಟ ಹೆಣ್ಣುಮಗಳ ಹೆಸರೇನು? ಅವರು ಹೇಳಿದ್ದು ನದಿಯ ಹೆಸರು. ಹಂಡೆಯ ಹೆಸರು! ಜೊತೆಗೆ, ಚೊಚ್ಚಲ ಗಂಡುಮಗು ತಮ್ಮ ಹಳೇ ಮನೆಯಲ್ಲೇ ಹುಟ್ಟಿದ್ದು ಅಂತ ಅವರಮ್ಮ ಹೇಳುತ್ತಿದ್ದರಂತೆ. ಆ ಮಗುವೇ ಹುಡುಗಿಯ ಅಜ್ಜ.

ನಿಮಗೆ ಆಗಲೇ ಹೊಳೆದಿರುತ್ತದೆ. ನಮ್ಮ ಕೆಲವು ಮನೆತನಗಳಲ್ಲಿ ಮದುವೆ ದಿನ ಸೊಸೆಗೆ ಬೇರೆ ಹೆಸರು ಇಡುತ್ತಿದ್ದರು. ತವರಿನವರು ಹಂಡೆಯ ಮೇಲೆ ತಮ್ಮ ಮಗಳ ಹೆಸರು ಕೊರೆಸಿದರು. ಗಂಡನ ಮನೆಯವರು ತಾವಿಟ್ಟ ಹೆಸರಿನಲ್ಲಿ ಶ್ರಾದ್ಧ ಮಾಡಿದರು. ಇಬ್ಬರಲ್ಲ, ಒಬ್ಬಳೇ. ಅತ್ತೆಗೆ ಮಾತ್ರ ಸಿಟ್ಟು ಬಂತು. ಪಾಪ, ಆ 'ಮೊದಲನೆಯವಳಿಗೆ' ಅಂತ ಹಬ್ಬದಲ್ಲಿ ಎಡೆ ಇಟ್ಟುಕೊಂಡು ಬಂದವರು. 'ಒಂದು ಹಂಡೆ ತಿಕ್ಕಿ ನಮ್ಮಜ್ಜನ ಒಬ್ಬಳು ಹೆಂಡ್ತೀನೇ ಇಲ್ಲ ಅನ್ನಿಸಿಬಿಟ್ರಲ್ಲ ಮಾಸ್ತರ್ರೇ' ಅಂದರು. ಎಡೆ ನಿಲ್ಲಿಸಲಿಲ್ಲ ಅಂತ ಕೇಳಿದೆ.

ಹುಡುಗಿ 9ರಲ್ಲಿ ಎರಡೂ ಹೆಸರು ಉಳಿಸಿಕೊಂಡಳು. ಕೆಳಗೆ ಬರೆದಳು: ಮೊದಲನೆಯದು ಹಂಡೆಯಲ್ಲಿ, ಇಂಥ ದಿನ ನೋಡಿದ್ದು. ಎರಡನೆಯದು ಭಟ್ಟರು ಹೇಳಿದ್ದು. ಹೆರಿಗೆಯ ವಿಷಯ ತವರಿನ ಹಿರಿಯರು ತಮ್ಮ ಅಮ್ಮನಿಂದ ಕೇಳಿದ್ದು. ಇದಕ್ಕೆ ನಾನು ಮಾರ್ಕ್ಸ್ ಕೊಟ್ಟಿದ್ದು. ಇದನ್ನೇ ಪಾಠ ಅನ್ನುವುದು. 'ನಾವು ಕೆಳದಿ ಅರಸರ ದಂಡಿನಲ್ಲಿದ್ದವರು' ಅಂತ ಬರೆದು ಕೆಳಗೆ ಏನೂ ಇಲ್ಲದ ಹಾಳೆ ವರ್ಷಕ್ಕೆ ಹತ್ತಾದರೂ ಬರುತ್ತಿತ್ತು. ಇದ್ದಿರಬಹುದು. ಹೇಗೆ ಗೊತ್ತು?

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಗುತ್ತಾ ಬಂತು. ತಾಳಗುಂದದ ವಿಷಯ ವಿವರವಾಗಿ ಹೇಳಬೇಕು ಅಂತಿದ್ದೆ. ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಶಿಕಾರಿಪುರ ತಾಲ್ಲೂಕಿನ ಆ ಕಂಬದ ಶಾಸನದಲ್ಲಿ ಕದಂಬರ ವಂಶಾವಳಿ ಇದೆ. ಮಯೂರಶರ್ಮ ವೀರಶರ್ಮನ ಜೊತೆ ಕಂಚಿಗೆ ಓದಲು ಹೋದ ಅಂತಿದೆ. ಅಲ್ಲಿ ವೀರಶರ್ಮನನ್ನು ಕರೆದಿರುವುದು ಗುರು ಅಂತ. ಅವನು ಮಯೂರಶರ್ಮನ ಅಜ್ಜ ಅಂತ ಗೊತ್ತಾಗುವುದು ಸಿರ್ಸಿ ತಾಲ್ಲೂಕಿನ ಗುಡ್ನಾಪುರದ ಶಾಸನದಿಂದ. ಅರಸರ ಮನೆಗೇ ಎರಡು ಕಲ್ಲು ಬೇಕಾದವು.

ಕೊನೆಯದು, ಗೇಣಿಗೆ ಉತ್ತವರ ಮನೆಗಳಿಗೆ. ನಮ್ಮ ಹೆಸರಲ್ಲಿ ಜಮೀನೇ ಇರಲಿಲ್ಲ, ನಮಗೆಲ್ಲಿಯ ದಾಖಲೆ ಅಂತೀರಿ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತ ಸೀಮೆ ನಮ್ಮದು. 1974ರಲ್ಲಿ ಭೂಸುಧಾರಣೆ ಕಾನೂನು ತಿದ್ದುಪಡಿಯಾಗಿ, ಉಳುವವರು ಭೂ ನ್ಯಾಯಮಂಡಳಿಗೆ ಫಾರಂ ನಂಬರ್ 7 ಕೊಟ್ಟರು. ನಿಮ್ಮ ಅಜ್ಜ ಕೊಟ್ಟಿದ್ದರೆ, ಯಾವ ಸರ್ವೆ ನಂಬರು ಉಳುತ್ತಿದ್ದರು, ಯಾರ ಜಮೀನು ಅನ್ನುವುದು ಅದರಲ್ಲಿ ಇರುತ್ತದೆ. ಹೇಳಿಕೆ ಕೊಟ್ಟಿದ್ದರೆ ಅದೂ ಫೈಲಿನಲ್ಲಿ ಇರಬೇಕು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿ ನಕಲು ಕೇಳಿ. ಒಂದು ಸಲಕ್ಕೆ ಸಿಗಲಿಲ್ಲ ಅಂದರೆ ಇನ್ನೊಂದು ಸಲ ಹೋಗಿ. ಸಿಕ್ಕ ಮೇಲೆ ಹಾಳೆಯ ಹಿಂದೆ ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅಂತ ಪೆನ್ಸಿಲ್ಲಿನಲ್ಲಿ ಬರೆದಿಡಿ. ನಮಸ್ಕಾರ.